ಆರೋಗ್ಯವಂತರ ತಪಾಸಣೆ: ಮಹಾಧಮನಿಯ ಉಬ್ಬನ್ನು ಕುರಿತು

ರೋಗ ಬಂದವನು ವೈದ್ಯನನ್ನು ಹುಡುಕಿಕೊಂಡು ಹೋಗುವುದು ಲೋಕರೂಢಿ. ನೋವೋ ಜ್ವರವೋ ಕೆಮ್ಮೋ ಬಂದು ಬಾಧಿಸಿದ ಹೊರತು ಆಸ್ಪತ್ರೆಯ ಮೆಟ್ಟಿಲನ್ನು ಹತ್ತುವವರು ನಮ್ಮಲ್ಲಿ ಅಪರೂಪ. ಆದರೆ ಈಚಿನ ದಶಕಗಳಲ್ಲಿ ಕೆಲವು ದೇಶಗಳಲ್ಲಿ ಈ ರೂಢಿ ತಿರುವುಮುರುವಾಗಿದೆ. ಅಲ್ಲಿ ವೈದ್ಯರೇ ರೋಗವನ್ನು ಹುಡುಕಿಕೊಂಡು ಹೊರಟಿದ್ದಾರೆ. ಇಂಗ್ಲೆಂಡಿನಲ್ಲಿ ಗಂಡಸಿಗೆ ೬೫ ತುಂಬುವ ವರ್ಷ ಸರ್ಕಾರದ ಆರೋಗ್ಯ ಸೇವೆಯಿಂದ ಒಂದು ಕಾಗದ ಬರುತ್ತದೆ. ನಿಮಗೆ ಯಾವ ತೊಂದರೆಯೂ ಇಲ್ಲದಿದ್ದರೂ ಚಿಂತೆಯಿಲ್ಲ, ಬಂದು ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿಕೊಂಡು ಹೋಗಿ ಎಂಬುದು ಅದರ ತಾತ್ಪರ್ಯ. ಹಣ ಕೊಡಬೇಕಾದದ್ದಿಲ್ಲ, ಬಲವಂತವೂ ಇಲ್ಲ. ಅಲ್ಲಿ ನೆಲಸಿರುವ ನಮ್ಮ ಕನ್ನಡಿಗ ಹಿರಿಯರ ಮನೆಗೂ ಈ ಕಾಗದ ಬರುತ್ತದೆ.

ಈ ಕರೆ ಯಾಕೆ? ಹೊಟ್ಟೆಯಲ್ಲಿ ಅವರು ಹುಡುಕುವುದೇನನ್ನು? ಸಿಕ್ಕಿದರೆ ಮುಂದೇನು? ಎಲ್ಲಕ್ಕಿಂತ ಮುಖ್ಯವಾಗಿ, ಹೀಗೆ ಹುಡುಕುವುದರಿಂದ ನಿಜವಾಗಿ ಒಳ್ಳೆಯದಾಗುತ್ತದೆಯೆ? ನಾನು ವೈದ್ಯಶಾಸ್ತ್ರವನ್ನು ಓದುತ್ತಿರುವವನಲ್ಲ, ಬಿ.ಎ. ತರಗತಿಯಲ್ಲಿ ಅರ್ಥಶಾಸ್ತ್ರವನ್ನೂ ಸಂಖ್ಯಾಶಾಸ್ತ್ರವನ್ನೂ ಓದುತ್ತಿರುವವನು. ಆದರೂ ಈ ವಿಷಯವನ್ನು ಎತ್ತಿಕೊಂಡುದಕ್ಕೆ ಕಾರಣವುಂಟು. ಮೇಲಿನ ಪ್ರಶ್ನೆಗಳಲ್ಲಿ ಮೊದಲಿನೆರಡು ವೈದ್ಯರವು. ಉಳಿದವು ತರ್ಕದವು, ಲೆಕ್ಕಾಚಾರದವು, ರಾಜ್ಯದ ಕರ್ತವ್ಯಕ್ಕೆ ಸಂಬಂಧಪಟ್ಟವು. ಕಲಾ ಕಾಲೇಜಿನ ವಿದ್ಯಾರ್ಥಿಗಳಿಗೂ ಅವುಗಳಲ್ಲಿ ಪಾಲುಂಟು.

ಮೊದಲು ರೋಗದ ಸ್ವರೂಪವನ್ನು ನೋಡೋಣ. ಹೃದಯದಿಂದ ಹೊರಡುವ ಶುದ್ಧ ರಕ್ತದ ಹೆದ್ದಾರಿಗೆ ಮಹಾಧಮನಿ ಎಂದು ಹೆಸರು. ಅದು ಹೃದಯದಿಂದ ಮೇಲಕ್ಕೆ ಎದ್ದು, ಕಮಾನಿನಂತೆ ಬಾಗಿ, ಬೆನ್ನುಮೂಳೆಯನ್ನು ಅನುಸರಿಸಿ ಎದೆಯಿಂದ ಹೊಟ್ಟೆಗೆ ಇಳಿಯುತ್ತದೆ. ಹೊಕ್ಕುಳಿನ ಮಟ್ಟದಲ್ಲಿ ಇಬ್ಭಾಗವಾಗಿ ಎರಡು ಕಾಲುಗಳ ಕಡೆಗೆ ಹೋಗುತ್ತದೆ. ಹೊಟ್ಟೆಯ ಭಾಗದಲ್ಲಿ ಅದರ ಅಡ್ಡಗಲ ಸುಮಾರು ೨ ಸೆಂಟಿಮೀಟರು. ಕೆಲವರಲ್ಲಿ ವಯಸ್ಸಾದಂತೆ ಈ ನಾಳದ ಗೋಡೆ ಒಂದು ಕಡೆ ಶಿಥಿಲವಾಗುತ್ತದೆ. ರಕ್ತದ ಒತ್ತಡಕ್ಕೆ ಆ ಭಾಗ ನಿಧಾನವಾಗಿ ಹಿಗ್ಗಿ ಉಬ್ಬಿಕೊಳ್ಳುತ್ತದೆ. ಅಡ್ಡಗಲ ೩ ಸೆಂಟಿಮೀಟರನ್ನು ಮುಟ್ಟಿದರೆ ವೈದ್ಯರು ಅದನ್ನು ಅನ್ಯೂರಿಸಂ ಎಂದು ಕರೆಯುತ್ತಾರೆ. ಹಿಗ್ಗುವಿಕೆ ಎಂಬರ್ಥದ ಗ್ರೀಕ್ ಮಾತಿನಿಂದ ಬಂದ ಹೆಸರು ಇದು. ನಾವು ಇಲ್ಲಿ ಅದನ್ನು ಮಹಾಧಮನಿಯ ಉಬ್ಬು ಎನ್ನೋಣ.

ಸೈಕಲ್ ಟ್ಯೂಬಿಗೆ ಗಾಳಿ ಹೊಡೆಯುವಾಗ ಸವೆದ ಕಡೆ ಅದು ಗುಳ್ಳೆಯಂತೆ ಎದ್ದು ಬರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಒಮ್ಮೆ ಗುಳ್ಳೆ ಎದ್ದಿತೆಂದರೆ ಗಾಳಿ ಅಲ್ಲಿಯೇ ಹೆಚ್ಚಾಗಿ ನುಗ್ಗುತ್ತದೆ, ಗುಳ್ಳೆ ದೊಡ್ಡದಾಗುತ್ತಲೇ ಹೋಗುತ್ತದೆ. ಇದರ ಹಿಂದಿನ ನಿಯಮವನ್ನು ಫ್ರಾನ್ಸಿನ ಗಣಿತಜ್ಞ ಲಾಪ್ಲಾಸನ ಹೆಸರಿನಿಂದ ಕರೆಯುತ್ತಾರೆ. ನಾಳದ ಗೋಡೆಯ ಮೇಲೆ ಬೀಳುವ ಎಳೆತವು ಒಳಗಿನ ಒತ್ತಡವನ್ನು ಮಾತ್ರವಲ್ಲದೆ ನಾಳದ ತ್ರಿಜ್ಯವನ್ನೂ ಅವಲಂಬಿಸಿದೆ. ಒತ್ತಡ ಮೊದಲಿನಷ್ಟೇ ಇದ್ದರೂ ನಾಳ ಎರಡರಷ್ಟು ಅಗಲವಾದರೆ ಗೋಡೆಯ ಮೇಲಿನ ಎಳೆತವೂ ಎರಡರಷ್ಟಾಗುತ್ತದೆ. ಆದ್ದರಿಂದಲೇ ಸಣ್ಣ ಉಬ್ಬು ವರ್ಷಕ್ಕೆ ಒಂದೆರಡು ಮಿಲಿಮೀಟರು ಬೆಳೆದರೆ, ದೊಡ್ಡದು ಮೂರು ನಾಲ್ಕು ಮಿಲಿಮೀಟರು ಬೆಳೆಯುತ್ತದೆ. ದೊಡ್ಡದಾದಷ್ಟೂ ಅದು ಒಡೆಯುವ ಅಪಾಯ ಹೆಚ್ಚು.

ಈ ರೋಗದ ದುಷ್ಟತನವಿರುವುದು ಅದರ ಮೌನದಲ್ಲಿ. ಉಬ್ಬನ್ನು ಹೊತ್ತವನಿಗೆ ಸಾಮಾನ್ಯವಾಗಿ ಏನೂ ತಿಳಿಯದು. ಉಣ್ಣುತ್ತಾನೆ, ನಡೆದಾಡುತ್ತಾನೆ, ಮೊಮ್ಮಕ್ಕಳನ್ನು ಎತ್ತಿಕೊಳ್ಳುತ್ತಾನೆ. ಒಂದು ದಿನ ಅದು ಒಡೆದಾಗ ಹೊಟ್ಟೆಯಲ್ಲಿಯೋ ಬೆನ್ನಿನಲ್ಲಿಯೋ ತಡೆಯಲಾರದ ನೋವು ಬಂದು ಕುಸಿಯುತ್ತಾನೆ. ಒಡೆದ ಹತ್ತು ಮಂದಿಯಲ್ಲಿ ಸುಮಾರು ಎಂಟು ಮಂದಿ ಆಸ್ಪತ್ರೆಗೆ ಮುಟ್ಟುವ ಮುನ್ನವೋ, ಶಸ್ತ್ರಚಿಕಿತ್ಸೆಯಾದರೂ ಫಲಕಾರಿಯಾಗದೆಯೋ ಸಾಯುತ್ತಾರೆ. ಹೆಂಗಸರಿಗಿಂತ ಗಂಡಸರಲ್ಲಿ ಈ ರೋಗ ಹಲವು ಪಟ್ಟು ಹೆಚ್ಚು. ಅರುವತ್ತೈದು ದಾಟಿದವರು, ರಕ್ತದೊತ್ತಡವುಳ್ಳವರು, ಒಡಹುಟ್ಟಿದವರಲ್ಲಿಯೋ ತಂದೆತಾಯಿಯರಲ್ಲಿಯೋ ಈ ರೋಗವಿದ್ದವರು ಹೆಚ್ಚು ಅಪಾಯಕ್ಕೆ ಗುರಿಯಾದವರು. ಎಲ್ಲಕ್ಕೂ ಮಿಗಿಲಾದ ಕಾರಣ ಧೂಮಪಾನ. ಒಂದು ವಿಚಿತ್ರವನ್ನೂ ಇಲ್ಲಿ ಹೇಳಬೇಕು. ಬೇರೆ ರಕ್ತನಾಳಗಳಿಗೆ ಶತ್ರುವಾದ ಸಕ್ಕರೆ ಕಾಯಿಲೆ ಇರುವವರಲ್ಲಿ ಮಹಾಧಮನಿಯ ಉಬ್ಬು ಇತರರಿಗಿಂತ ಕಡಮೆ ಎಂದು ಕಂಡುಬಂದಿದೆ.

ಇದಕ್ಕೆ ಬಲಿಯಾದವರಲ್ಲಿ ಲೋಕಪ್ರಸಿದ್ಧರೂ ಇದ್ದಾರೆ. ಆಲ್ಬರ್ಟ್ ಐನ್‌ಸ್ಟೈನರಿಗೆ ಈ ಉಬ್ಬು ಇತ್ತು. ೧೯೪೮ರಲ್ಲಿ ರುಡಾಲ್ಫ್ ನಿಸ್ಸೆನ್ ಎಂಬ ಶಸ್ತ್ರವೈದ್ಯರು ಅವರ ಹೊಟ್ಟೆಯನ್ನು ತೆರೆದು ಉಬ್ಬಿದ ಧಮನಿಯ ಸುತ್ತ ಸೆಲೊಫೇನ್ ಹಾಳೆಯನ್ನು ಸುತ್ತಿದರು. ಆ ಹಾಳೆಯ ಕೆರಳಿಕೆಯಿಂದ ಸುತ್ತಲೂ ಗಡುಸಾದ ಕಲೆಯ ಅಂಗಾಂಶ ಬೆಳೆದು ಗೋಡೆಗೆ ಆಸರೆಯಾಗಲಿ ಎಂಬುದು ಉದ್ದೇಶ. ಅದಕ್ಕಿಂತ ಉತ್ತಮವಾದ ಉಪಾಯ ಆಗ ಇರಲಿಲ್ಲ. ೧೯೫೫ರ ಏಪ್ರಿಲಿನಲ್ಲಿ ಉಬ್ಬು ಒಡೆಯಿತು. ಅಷ್ಟರಲ್ಲಿ ವೈದ್ಯವಿಜ್ಞಾನ ಒಂದು ಹೆಜ್ಜೆ ಮುಂದೆ ಹೋಗಿತ್ತು. ೧೯೫೧ರಲ್ಲಿ ಪ್ಯಾರಿಸಿನ ಚಾರ್ಲ್ಸ್ ದ್ಯುಬೋ ಉಬ್ಬಿದ ಭಾಗವನ್ನು ತೆಗೆದುಹಾಕಿ, ಮೃತನೊಬ್ಬನ ಧಮನಿಯ ತುಂಡನ್ನು ಅಲ್ಲಿ ಹೊಲಿದು ಯಶಸ್ವಿಯಾಗಿದ್ದರು. ಆದರೆ ಎಪ್ಪತ್ತಾರು ವಯಸ್ಸಿನ ಐನ್‌ಸ್ಟೈನರು ಶಸ್ತ್ರಚಿಕಿತ್ಸೆ ಬೇಡವೆಂದರು. ಏಪ್ರಿಲ್ ೧೮ರಂದು ಪ್ರಿನ್ಸ್‌ಟನ್ನಿನಲ್ಲಿ ತೀರಿಕೊಂಡರು.

ಆಮೇಲೆ ಚಿಕಿತ್ಸೆ ಬೇಗ ಬೇಗ ಬೆಳೆಯಿತು. ಅಮೆರಿಕದ ಮೈಕೇಲ್ ಡಿಬೇಕಿಯವರು ಡೇಕ್ರಾನ್ ಎಂಬ ಕೃತಕ ಬಟ್ಟೆಯಿಂದ ಕೊಳವೆಯನ್ನು ತಯಾರಿಸಿದರು. ಮೊದಲಿನವನ್ನು ಅವರು ತಮ್ಮ ಹೆಂಡತಿಯ ಹೊಲಿಗೆ ಯಂತ್ರದ ಮೇಲೆ ಹೊಲಿದರೆಂಬುದು ಪ್ರಸಿದ್ಧವಾದ ಸಂಗತಿ. ೧೯೯೦ರಲ್ಲಿ ಅರ್ಜೆಂಟೀನದ ಹುವಾನ್ ಪರೋದಿಯವರು ಹೊಟ್ಟೆಯನ್ನು ಕೊಯ್ಯದೆ, ತೊಡೆಯ ಸಂದಿನ ರಕ್ತನಾಳದ ಮೂಲಕ ಇಂಥ ಕೊಳವೆಯನ್ನು ಒಳಕ್ಕೆ ಕಳುಹಿಸಿ ಉಬ್ಬಿನೊಳಗೆ ಕೂರಿಸುವ ವಿಧಾನವನ್ನು ಆಚರಣೆಗೆ ತಂದರು. ಈಗ ಎರಡು ವಿಧಾನಗಳೂ ರೂಢಿಯಲ್ಲಿವೆ. ಎರಡನೆಯದರಲ್ಲಿ ಮೊದಲ ದಿನಗಳ ಅಪಾಯ ಕಡಮೆ. ಆದರೆ ಕೊಳವೆ ಜಾರಿತೆ, ರಕ್ತ ಸೋರಿತೆ ಎಂದು ವರ್ಷವರ್ಷವೂ ನೋಡುತ್ತಿರಬೇಕಾಗುತ್ತದೆ.

ಚಿಕಿತ್ಸೆಯೇನೋ ಸಿದ್ಧವಾಯಿತು. ಒಡೆಯುವ ಮೊದಲೇ ಉಬ್ಬನ್ನು ಕಾಣುವ ಬಗೆ ಹೇಗೆ? ಹೊಟ್ಟೆಯನ್ನು ಕೈಯಿಂದ ಮುಟ್ಟಿ ನೋಡಿದರೆ ದೊಡ್ಡ ಉಬ್ಬು ಕೆಲವೊಮ್ಮೆ ಮಿಡಿಯುವುದು ತಿಳಿಯುತ್ತದೆ; ಸಣ್ಣದು ತಿಳಿಯದು. ಇಲ್ಲಿ ನೆರವಿಗೆ ಬಂದದ್ದು ಅಲ್ಟ್ರಾಸೌಂಡ್, ಎಂದರೆ ನಮ್ಮ ಕಿವಿಗೆ ಕೇಳಿಸದಷ್ಟು ಕಂಪನವುಳ್ಳ ಧ್ವನಿ. ಕಾರ್ಖಾನೆಗಳಲ್ಲಿ ಲೋಹದೊಳಗಿನ ಬಿರುಕುಗಳನ್ನು ಪತ್ತೆಮಾಡಲು ಈ ಧ್ವನಿಯನ್ನು ಬಳಸುತ್ತಿದ್ದರು. ಗ್ಲಾಸ್ಗೋ ನಗರದ ಪ್ರಸೂತಿ ವೈದ್ಯರಾದ ಇಯಾನ್ ಡೊನಾಲ್ಡರು ಅದೇ ಉಪಕರಣವನ್ನು ಮನುಷ್ಯನ ಹೊಟ್ಟೆಯ ಮೇಲಿಟ್ಟು ನೋಡಿ, ೧೯೫೮ರಲ್ಲಿ ತಮ್ಮ ಸಹೋದ್ಯೋಗಿಗಳೊಡನೆ ಅದರ ಫಲವನ್ನು ಪ್ರಕಟಿಸಿದರು. ನಮ್ಮ ದೇಶದಲ್ಲಿ ಸ್ಕ್ಯಾನಿಂಗ್ ಎಂದೊಡನೆ ನೆನಪಾಗುವುದು ಗರ್ಭಿಣಿಯರು, ಹಾಗೂ ೧೯೯೪ರ ಕಾಯಿದೆಯ ಪ್ರಕಾರ ಭ್ರೂಣದ ಲಿಂಗವನ್ನು ತಿಳಿಸುವುದು ಅಪರಾಧವೆಂದು ಸಾರುವ ಗೋಡೆಯ ಮೇಲಿನ ಫಲಕ. ಅದೇ ಯಂತ್ರವು ಮುದುಕರ ಮಹಾಧಮನಿಯನ್ನೂ ಅಳೆಯಬಲ್ಲುದು. ಹೊಟ್ಟೆಗೆ ಸ್ವಲ್ಪ ಜೆಲ್ ಸವರಿ, ಸಣ್ಣ ಉಪಕರಣವನ್ನು ಮೇಲೆ ಆಡಿಸಿದರೆ ಹತ್ತು ಹದಿನೈದು ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ. ಸೂಜಿಯಿಲ್ಲ, ನೋವಿಲ್ಲ, ಎಕ್ಸ್‌ರೇ ಕಿರಣಗಳಿಲ್ಲ. ಅಳತೆಯೂ ಬಹಳ ಮಟ್ಟಿಗೆ ನಿಖರ.

ಹಾಗಾದರೆ ಎಲ್ಲರನ್ನೂ ಕರೆದು ಪರೀಕ್ಷಿಸಿಬಿಟ್ಟರೆ ಆಯಿತಲ್ಲ, ಇದರಲ್ಲಿ ಚರ್ಚೆಗೆ ಅವಕಾಶವೆಲ್ಲಿ ಎಂದು ವಾಚಕರು ಕೇಳಬಹುದು. ವಿಷಯದ ತಿರುಳಿರುವುದು ಇಲ್ಲಿಯೇ. ನೋವೆಂದು ತಾನಾಗಿ ಬಂದವನಿಗೆ ವೈದ್ಯನು ತನ್ನ ಕೈಲಾದುದನ್ನು ಮಾಡಿದರೆ ಸಾಕು. ಆದರೆ ಸುಖವಾಗಿ ಮನೆಯಲ್ಲಿ ಕುಳಿತವನನ್ನು ಕರೆದು ಪರೀಕ್ಷಿಸುವವನ ಹೊಣೆ ಅದಕ್ಕಿಂತ ದೊಡ್ಡದು. ಕರೆದುದರಿಂದ ಅವನಿಗೆ ಕೇಡಿಗಿಂತ ಒಳಿತೇ ಹೆಚ್ಚಾಗುತ್ತದೆ ಎಂಬುದನ್ನು ಮೊದಲೇ ಸಿದ್ಧಪಡಿಸಬೇಕು. ೧೯೬೮ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ವಿಲ್ಸನ್ ಮತ್ತು ಯುಂಗ್ನರ್ ಎಂಬಿಬ್ಬರು ಇಂಥ ತಪಾಸಣೆಗಳಿಗೆ ಹತ್ತು ಸೂತ್ರಗಳನ್ನು ಬರೆದರು. ರೋಗವು ಗಣನೀಯವಾದುದಾಗಿರಬೇಕು, ಲಕ್ಷಣ ತೋರುವ ಮೊದಲೇ ಗುರುತಿಸಬಹುದಾದ ಘಟ್ಟವೊಂದಿರಬೇಕು, ಪರೀಕ್ಷೆ ಜನ ಒಪ್ಪುವಂಥದಾಗಿರಬೇಕು, ಒಪ್ಪಿತವಾದ ಚಿಕಿತ್ಸೆ ಇರಬೇಕು, ವೆಚ್ಚವು ಫಲಕ್ಕೆ ತಕ್ಕಂತಿರಬೇಕು ಎಂಬಿವೇ ಮೊದಲಾದವು ಆ ಸೂತ್ರಗಳು. ಇಂದಿಗೂ ತಪಾಸಣೆಯ ಚರ್ಚೆಗಳು ಅವನ್ನು ಬಿಟ್ಟು ನಡೆಯುವುದಿಲ್ಲ.

ಒಳಿತಾಗುತ್ತದೆಯೆಂಬುದನ್ನು ಸಿದ್ಧಪಡಿಸುವುದು ತೋರುವಷ್ಟು ಸುಲಭವಲ್ಲ. ತಪಾಸಣೆಗೆ ತಾವಾಗಿ ಬಂದವರನ್ನೂ ಬಾರದವರನ್ನೂ ಹೋಲಿಸಿ, ಬಂದವರು ಹೆಚ್ಚು ಕಾಲ ಬದುಕಿದರು, ಆದ್ದರಿಂದ ತಪಾಸಣೆ ಒಳ್ಳೆಯದು ಎಂದರೆ ಅದು ಹುಸಿ ತರ್ಕವಾಗುತ್ತದೆ. ಕರೆದೊಡನೆ ಬರುವವರು ಸಾಮಾನ್ಯವಾಗಿ ಮೈಯ ಬಗ್ಗೆ ಎಚ್ಚರವುಳ್ಳವರು. ಅವರು ಹೇಗೂ ಹೆಚ್ಚು ಬದುಕುತ್ತಿದ್ದರೇನೋ! ಆದಕಾರಣ ಚೀಟಿ ಎತ್ತಿದಂತೆ ಜನರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಕರೆ ಕಳುಹಿಸಿ, ಇನ್ನೊಂದನ್ನು ಅದರಷ್ಟಕ್ಕೆ ಬಿಟ್ಟು, ವರ್ಷಗಳ ಕಾಲ ಕಾದು ಸಾವುಗಳನ್ನು ಎಣಿಸಬೇಕು. ನಮ್ಮ ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಯಾದೃಚ್ಛಿಕ ಹಂಚಿಕೆ ಎಂದು ಕಲಿಯುವುದು ಇದನ್ನೇ.

ಇಂಥ ಪ್ರಯೋಗಗಳಲ್ಲಿ ಅತ್ಯಂತ ದೊಡ್ಡದು ಇಂಗ್ಲೆಂಡಿನಲ್ಲಿ ನಡೆಯಿತು. ಅದರ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಅದನ್ನು ಮಾಸ್ ಪ್ರಯೋಗವೆಂದು ಕರೆಯುತ್ತಾರೆ. ೧೯೯೭ರಿಂದ ೧೯೯೯ರ ವರೆಗೆ ಪೋರ್ಟ್ಸ್‌ಮತ್, ಸೌತಾಂಪ್ಟನ್, ವಿಂಚೆಸ್ಟರ್ ಮತ್ತು ಆಕ್ಸ್‌ಫರ್ಡ್ ಕೇಂದ್ರಗಳಲ್ಲಿ ೬೫ರಿಂದ ೭೪ ವಯಸ್ಸಿನ ೬೭,೮೦೦ ಗಂಡಸರನ್ನು ಆರಿಸಿ ಎರಡು ಪಾಲು ಮಾಡಿದರು. ಕರೆ ಹೋದದ್ದು ೩೩,೮೩೯ ಮಂದಿಗೆ. ಅವರಲ್ಲಿ ಶೇಕಡಾ ೮೦ರಷ್ಟು ಜನ ಬಂದರು. ಪರೀಕ್ಷಿಸಿಕೊಂಡವರಲ್ಲಿ ಶೇಕಡಾ ೪.೯ರಷ್ಟು ಮಂದಿಗೆ, ಎಂದರೆ ಇಪ್ಪತ್ತರಲ್ಲಿ ಸುಮಾರು ಒಬ್ಬನಿಗೆ, ಉಬ್ಬು ಇತ್ತು. ೨೦೦೨ರಲ್ಲಿ ಮೊದಲ ಫಲ ಪ್ರಕಟವಾಯಿತು. ಸುಮಾರು ನಾಲ್ಕು ವರ್ಷಗಳಲ್ಲಿ ಉಬ್ಬಿನ ಕಾರಣದಿಂದ ಸತ್ತವರು ಕರೆ ಹೋದ ಪಾಲಿನಲ್ಲಿ ೬೫, ಕರೆ ಹೋಗದ ಪಾಲಿನಲ್ಲಿ ೧೧೩. ಹದಿಮೂರು ವರ್ಷ ಕಳೆದಾಗ ಈ ಎಣಿಕೆ ೨೨೪ಕ್ಕೆ ೩೮೧ ಆಗಿತ್ತು. ಎರಡು ಸಲವೂ ಇಳಿತ ಶೇಕಡಾ ೪೨ರಷ್ಟು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ೨೨೪ರ ಲೆಕ್ಕದಲ್ಲಿ ಕರೆ ಬಂದರೂ ಹೋಗದೆ ಉಳಿದವರ ಸಾವುಗಳೂ ಸೇರಿವೆ. ಬಾರದವರನ್ನು ಲೆಕ್ಕದಿಂದ ತೆಗೆದುಹಾಕಿದರೆ ಫಲ ಇನ್ನೂ ಸೊಗಸಾಗಿ ಕಾಣುತ್ತಿತ್ತು. ಹಾಗೆ ಮಾಡಿದೊಡನೆ ಚೀಟಿ ಎತ್ತಿ ಸಾಧಿಸಿದ ಸಮಾನತೆ ಕೆಟ್ಟುಹೋಗುತ್ತಿತ್ತು. ಸರ್ಕಾರದ ಕೈಯಲ್ಲಿರುವುದು ಕರೆಯುವುದು ಮಾತ್ರ. ಬರುವುದು ಬಿಡುವುದು ಜನರ ಇಷ್ಟ. ಆದ್ದರಿಂದ ಅಳೆಯಬೇಕಾದದ್ದು ಕರೆಯುವುದರ ಫಲವನ್ನೇ.

ಶೇಕಡಾ ೪೨ ಎಂಬ ಅಂಕಿ ಕಿವಿಗೆ ದೊಡ್ಡದಾಗಿ ಕೇಳಿಸುತ್ತದೆ. ಅದನ್ನೇ ಇನ್ನೊಂದು ಬಗೆಯಲ್ಲಿ ಹೇಳಬಹುದು. ಉಳಿದ ಜೀವಗಳು ಸುಮಾರು ೧೫೭, ಕರೆ ಹೋದವರು ೩೩,೮೩೯. ಭಾಗಿಸಿದರೆ, ೨೧೬ ಮಂದಿಯನ್ನು ಕರೆದರೆ ಹದಿಮೂರು ವರ್ಷಗಳಲ್ಲಿ ಒಬ್ಬನು ಈ ಸಾವಿನಿಂದ ಪಾರಾಗುತ್ತಾನೆ. ಎಲ್ಲ ಕಾರಣಗಳ ಸಾವುಗಳನ್ನೂ ಒಟ್ಟುಗೂಡಿಸಿ ನೋಡಿದರೆ ಇಳಿತ ಶೇಕಡಾ ೩ರಷ್ಟು ಮಾತ್ರ. ಎರಡು ಮಾತುಗಳೂ ನಿಜವೇ. ಆದರೆ ಒಂದನ್ನು ಕೇಳಿದವನ ಮುಖಭಾವ ಒಂದು ತೆರ, ಇನ್ನೊಂದನ್ನು ಕೇಳಿದವನದು ಇನ್ನೊಂದು ತೆರ. ಪತ್ರಿಕೆಗಳಲ್ಲಿ ಆರೋಗ್ಯದ ಸುದ್ದಿ ಓದುವಾಗ, ಶೇಕಡಾ ಇಷ್ಟು ಎಂದು ಬರೆದಿದ್ದರೆ, ಎಷ್ಟರಲ್ಲಿ ಎಷ್ಟು ಎಂದು ಕೇಳುವ ಅಭ್ಯಾಸ ನಮಗೆಲ್ಲರಿಗೂ ಇರಬೇಕು.

ಇನ್ನು ಉಬ್ಬು ಸಿಕ್ಕಿದವರ ಗತಿಯೇನು? ಸಿಕ್ಕಿದೊಡನೆ ಎಲ್ಲರನ್ನೂ ಶಸ್ತ್ರಚಿಕಿತ್ಸೆಗೆ ಒಯ್ಯುವುದಿಲ್ಲ. ಮಾಸ್ ಪ್ರಯೋಗದ ಕಾಲದಲ್ಲಿ, ಉಬ್ಬು ಒಡೆಯುವ ಮೊದಲು ಸಾವಕಾಶವಾಗಿ ಮಾಡಿದ ಶಸ್ತ್ರಚಿಕಿತ್ಸೆಯಲ್ಲಿಯೂ ತಿಂಗಳೊಳಗೆ ಶೇಕಡಾ ೬ರಷ್ಟು ರೋಗಿಗಳು ಸಾಯುತ್ತಿದ್ದರು. ತುರ್ತಾಗಿ ಮಾಡಿದುದರಲ್ಲಿ ಶೇಕಡಾ ೩೭. ಹಾಗಾದರೆ ಯಾವ ಗಾತ್ರದಲ್ಲಿ ಕತ್ತಿ ಎತ್ತಬೇಕು? ಇದಕ್ಕೂ ಪ್ರಯೋಗವೇ ಉತ್ತರ ಕೊಟ್ಟಿತು. ೪ರಿಂದ ೫.೫ ಸೆಂಟಿಮೀಟರಿನ ಉಬ್ಬುಳ್ಳ ೧,೦೯೦ ಮಂದಿಯನ್ನು ಬ್ರಿಟನ್ನಿನಲ್ಲಿ ಎರಡು ಪಾಲು ಮಾಡಿ, ಒಂದು ಪಾಲಿಗೆ ಕೂಡಲೇ ಶಸ್ತ್ರಚಿಕಿತ್ಸೆ ಮಾಡಿದರು; ಇನ್ನೊಂದನ್ನು ಆಗಾಗ ಅಳೆಯುತ್ತ ಕಾದರು. ೧೯೯೮ರಲ್ಲಿ ಪ್ರಕಟವಾದ ಫಲದ ಪ್ರಕಾರ ಆರು ವರ್ಷಗಳ ಬಳಿಕ ಬದುಕುಳಿದವರ ಪ್ರಮಾಣ ಎರಡರಲ್ಲಿಯೂ ಹೆಚ್ಚುಕಡಮೆ ಒಂದೇ. ಎಂದರೆ ೫.೫ ಸೆಂಟಿಮೀಟರನ್ನು ಮುಟ್ಟುವ ತನಕ ಕಾಯುವುದರಿಂದ ನಷ್ಟವಿಲ್ಲ. ಇಂಗ್ಲೆಂಡಿನ ಕಾರ್ಯಕ್ರಮ ಈ ತೀರ್ಮಾನದ ಮೇಲೆಯೇ ನಿಂತಿದೆ. ೩ ಸೆಂಟಿಮೀಟರಿಗಿಂತ ಕಡಮೆಯಿದ್ದವನು ಮತ್ತೆ ಬರಬೇಕಾಗಿಲ್ಲ. ೩ರಿಂದ ೪.೪ರ ವರೆಗಿನವನು ವರ್ಷಕ್ಕೊಮ್ಮೆ, ೪.೫ರಿಂದ ೫.೪ರ ವರೆಗಿನವನು ಮೂರು ತಿಂಗಳಿಗೊಮ್ಮೆ ಬಂದು ಅಳತೆ ಕೊಡಬೇಕೆಂದು ಕಾರ್ಯಕ್ರಮದ ಕ್ರಮ ಗೊತ್ತಾಯಿತು. ೫.೫ನ್ನು ಮುಟ್ಟಿದವನನ್ನು ಶಸ್ತ್ರವೈದ್ಯರ ಬಳಿಗೆ ಕಳುಹಿಸುತ್ತಾರೆ. ಈ ಕಾರ್ಯಕ್ರಮ ೨೦೦೯ರಲ್ಲಿ ಮೊದಲಾಗಿ ೨೦೧೩ರ ಹೊತ್ತಿಗೆ ಇಂಗ್ಲೆಂಡನ್ನೆಲ್ಲ ವ್ಯಾಪಿಸಿತು.

ಇಷ್ಟನ್ನು ಓದಿಕೊಂಡು ರಜೆಯಲ್ಲಿ ನಾನು ನಿವೃತ್ತ ಉಪಾಧ್ಯಾಯರಾದ ನನ್ನ ಸೋದರಮಾವನವರಿಗೆ ಬಲು ಉತ್ಸಾಹದಿಂದ ವಿವರಿಸಿದೆ. ಅವರು ಎಲ್ಲವನ್ನೂ ಕೇಳಿ, ‘ಅಲ್ಲ ಕಣೋ, ಐದೂವರೆ ಆಗುವ ತನಕ ಏನೂ ಮಾಡುವುದಿಲ್ಲ ಅಂತೀಯ. ನಾಲ್ಕು ಇದ್ದವನು ಏನು ಮಾಡಬೇಕು? ತಿಳಿಯದೆ ಹತ್ತು ವರ್ಷ ನೆಮ್ಮದಿಯಾಗಿ ಇರುವುದು ಮೇಲೋ, ತಿಳಿದು ಹತ್ತು ವರ್ಷ ಹೊಟ್ಟೆ ಹಿಡಿದುಕೊಂಡು ಕೂರುವುದು ಮೇಲೋ?’ ಎಂದರು. ‘ಮಾವ, ಒಡೆದರೆ ಹತ್ತರಲ್ಲಿ ಎಂಟು ಜನ ಉಳಿಯುವುದಿಲ್ಲವಂತೆ’ ಎಂದೆ. ‘ಒಡೆದರೆ ತಾನೆ? ಒಡೆಯದೆ ಬೇರೆ ಯಾವುದರಿಂದಲೋ ಸಾಯುವವರು ಎಷ್ಟು ಜನ, ಅದನ್ನು ಹೇಳು’ ಎಂದರು.

ಅವರ ಪ್ರಶ್ನೆ ಹಳ್ಳಿಯ ಜಗಲಿಯದಾದರೂ ಪಂಡಿತರ ಪ್ರಶ್ನೆಯೂ ಅದೇ. ಈ ತಪಾಸಣೆಯಲ್ಲಿ ಇಲ್ಲದ ರೋಗವನ್ನು ಇದೆಯೆಂದು ಹೇಳುವ ತಪ್ಪು ತೀರ ವಿರಳ. ತೊಡಕಿರುವುದು ಬೇರೆ ಕಡೆ. ಉಬ್ಬು ನಿಜವಾಗಿ ಇದೆ. ಆದರೆ ಆ ಮನುಷ್ಯನ ಆಯುಸ್ಸಿನಲ್ಲಿ ಅದು ಎಂದಿಗೂ ಒಡೆಯುತ್ತಿರಲಿಲ್ಲ. ಅಂಥವನು ಕಾಗದ ಬರುವ ತನಕ ಆರೋಗ್ಯವಂತ, ಬಂದ ಮೇಲೆ ರೋಗಿ. ಭಾರ ಎತ್ತಬಹುದೇ, ದೂರ ಪ್ರಯಾಣ ಮಾಡಬಹುದೇ ಎಂದು ಹೆಜ್ಜೆಹೆಜ್ಜೆಗೂ ಅನುಮಾನ ಪಡುತ್ತಾನೆ. ಕಡೆಗೆ ಶಸ್ತ್ರಚಿಕಿತ್ಸೆಯಾಗಿ ಅದರಿಂದಲೇ ಸತ್ತರೆ, ಕರೆದವರೇ ಅವನ ಸಾವಿಗೆ ಕಾರಣರಾದಂತಾಯಿತು. ೨೦೧೮ರಲ್ಲಿ ಸ್ವೀಡನ್ ದೇಶದ ಸಂಶೋಧಕರು ತಮ್ಮ ದೇಶದ ದಾಖಲೆಗಳನ್ನು ಜಾಲಾಡಿ ಇದರ ಅಂದಾಜನ್ನು ಕೊಟ್ಟರು. ಕರೆ ಹೋದ ಹತ್ತು ಸಾವಿರ ಗಂಡಸರಲ್ಲಿ ಆರು ವರ್ಷಗಳ ಬಳಿಕ ಉಬ್ಬಿನ ಸಾವಿನಿಂದ ಪಾರಾದವರು ಇಬ್ಬರು. ಬೇಡದ ರೋಗನಿರ್ಣಯಕ್ಕೆ ಒಳಗಾದವರು ೪೯ ಮಂದಿ. ಅವರಲ್ಲಿ ೧೯ ಮಂದಿಗೆ ಇಲ್ಲದಿದ್ದರೂ ನಡೆಯುತ್ತಿದ್ದ ಶಸ್ತ್ರಚಿಕಿತ್ಸೆ ಆಯಿತು.

ಹಿಂದಿನ ಲೆಕ್ಕದಲ್ಲಿ ೨೧೬ಕ್ಕೆ ಒಬ್ಬ, ಈ ಲೆಕ್ಕದಲ್ಲಿ ೫,೦೦೦ಕ್ಕೆ ಒಬ್ಬ! ಇಷ್ಟು ಅಂತರ ಹೇಗೆ? ಅವಧಿ ಒಂದರಲ್ಲಿ ಹದಿಮೂರು ವರ್ಷ, ಇನ್ನೊಂದರಲ್ಲಿ ಆರು ವರ್ಷ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ನಡುವೆ ರೋಗವೇ ಕಡಮೆಯಾಗಿಬಿಟ್ಟಿತು. ಮಾಸ್ ಪ್ರಯೋಗದಲ್ಲಿ ಶೇಕಡಾ ೪.೯ ಇದ್ದುದು, ಇಂಗ್ಲೆಂಡಿನ ಕಾರ್ಯಕ್ರಮದ ಮೊದಲ ಐದು ವರ್ಷಗಳಲ್ಲಿ ಪರೀಕ್ಷಿತರಾದ ಸುಮಾರು ಏಳು ಲಕ್ಷ ಮಂದಿಯಲ್ಲಿ ಶೇಕಡಾ ೧.೩೪ ಮಾತ್ರ ಕಂಡುಬಂತು. ಮೊದಲಿನವರು ೭೪ರ ವರೆಗಿನ ವಯಸ್ಸಿನವರು, ಈಚಿನವರು ಹೆಚ್ಚಾಗಿ ೬೫ರವರು ಎಂಬುದನ್ನು ಮನಸ್ಸಿಗೆ ತಂದುಕೊಂಡರೂ ಇಳಿತ ನಿಜವಾದುದೇ. ಮುಖ್ಯ ಕಾರಣ ಸಿಗರೇಟು. ೧೯೭೪ರಲ್ಲಿ ಬ್ರಿಟನ್ನಿನ ಗಂಡಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸೇದುತ್ತಿದ್ದರು. ಮುಂದಿನ ದಶಕಗಳಲ್ಲಿ ಆ ಸಂಖ್ಯೆ ಇಳಿಯುತ್ತ ಬಂತು. ಸ್ವೀಡನ್ನಿನ ಆ ಸಂಶೋಧಕರೂ ತಮ್ಮ ದೇಶದಲ್ಲಿ ಈ ಸಾವುಗಳು ಇಳಿದದ್ದು ಬಹುಪಾಲು ತಪಾಸಣೆಯಿಂದಲ್ಲ, ಧೂಮಪಾನದ ಇಳಿತದಿಂದ ಎಂದು ಅಭಿಪ್ರಾಯಪಟ್ಟಿದ್ದಾರೆ. ರೋಗ ವಿರಳವಾದಷ್ಟೂ ಅದನ್ನು ಹುಡುಕುವುದರ ಲಾಭ ಕಡಮೆಯಾಗುವುದು ಸಹಜವಲ್ಲವೆ? ಹಿಂದೊಮ್ಮೆ ಸಿದ್ಧವಾದ ಒಳಿತು ಇಂದಿಗೂ ಅಷ್ಟೇ ಇದೆಯೆಂದು ಹೇಳಲಾಗದು. ಮತ್ತೆ ಮತ್ತೆ ಅಳೆದು ನೋಡುತ್ತಿರಬೇಕು.

ವೆಚ್ಚದ ವಿಷಯದಲ್ಲಿಯೂ ಕಾಲದ ಆಟವುಂಟು. ಮಾಸ್ ಪ್ರಯೋಗದಲ್ಲಿ ನಾಲ್ಕು ವರ್ಷಗಳ ಕೊನೆಗೆ ಲೆಕ್ಕ ಹಾಕಿದಾಗ, ಗಳಿಸಿದ ಒಂದೊಂದು ವರ್ಷದ ಆಯುಸ್ಸಿಗೆ ತಗುಲಿದ ಖರ್ಚು ೨೮,೪೦೦ ಪೌಂಡು. ಹತ್ತು ವರ್ಷಗಳ ಕೊನೆಗೆ ಲೆಕ್ಕ ಹಾಕಿದಾಗ ೭,೬೦೦ ಪೌಂಡು. ತಪಾಸಣೆಗೂ ಶಸ್ತ್ರಚಿಕಿತ್ಸೆಗೂ ಹಣ ಮೊದಲೇ ಖರ್ಚಾಗುತ್ತದೆ. ಉಳಿದ ಜೀವದ ವರ್ಷಗಳು ಒಂದೊಂದಾಗಿ ಆಮೇಲೆ ಕೂಡಿಬರುತ್ತವೆ. ತೆಂಗಿನ ಸಸಿ ನೆಟ್ಟವನು ನಾಲ್ಕನೆಯ ವರ್ಷದಲ್ಲಿ ಲಾಭನಷ್ಟದ ಪಟ್ಟಿ ಬರೆಯಲು ಕುಳಿತರೆ ನಷ್ಟವೇ ಕಾಣುವುದು.

ದೇಶದೇಶಗಳು ಈ ವಿಷಯದಲ್ಲಿ ಒಂದೇ ದಾರಿ ಹಿಡಿದಿಲ್ಲ. ಸ್ವೀಡನ್ ೬೫ ತುಂಬಿದ ಗಂಡಸರನ್ನೆಲ್ಲ ಕರೆಯುತ್ತದೆ. ಅಮೆರಿಕದ ತಜ್ಞರ ಮಂಡಳಿ ೨೦೦೫ರಲ್ಲಿ, ೬೫ರಿಂದ ೭೫ರ ವಯಸ್ಸಿನಲ್ಲಿದ್ದು ಜೀವಮಾನದಲ್ಲಿ ಎಂದಾದರೂ ಸೇದಿದ ಗಂಡಸರಿಗೆ ಒಮ್ಮೆ ಪರೀಕ್ಷೆ ಮಾಡಬೇಕೆಂದು ಸಲಹೆ ಕೊಟ್ಟಿತು. ಹೆಂಗಸರನ್ನು ಯಾರೂ ಸಾಮೂಹಿಕವಾಗಿ ಕರೆಯುತ್ತಿಲ್ಲ. ಇಂಗ್ಲೆಂಡಿನ ಚಿಚೆಸ್ಟರಿನಲ್ಲಿ ನಡೆದ ಹಳೆಯ ಪ್ರಯೋಗದಲ್ಲಿ ಹೆಂಗಸರಿಗೆ ಪ್ರಯೋಜನ ಕಾಣಲಿಲ್ಲ. ಅವರಲ್ಲಿ ರೋಗ ಕಡಮೆ. ಆದರೆ ಬಂದರೆ ಅದೇ ಗಾತ್ರದ ಉಬ್ಬು ಒಡೆಯುವ ಸಂಭವ ಗಂಡಸರಿಗಿಂತ ಹೆಚ್ಚು. ಇನ್ನೊಂದು ವಿಷಾದದ ಸಂಗತಿಯೂ ಉಂಟು. ಬಡವರು ವಾಸಿಸುವ ಕಡೆ ಸೇದುವವರೂ ಹೆಚ್ಚು, ರೋಗವೂ ಹೆಚ್ಚು. ಕರೆ ಬಂದಾಗ ಹೋಗುವವರು ಮಾತ್ರ ಅಲ್ಲಿಯೇ ಕಡಮೆ. ಧರ್ಮಾರ್ಥವಾಗಿ ತೆರೆದ ಬಾಗಿಲೂ ಎಲ್ಲರಿಗೂ ಒಂದೇ ಸಮನಾಗಿ ತೆರೆದಿರುವುದಿಲ್ಲ.

ನಮ್ಮ ದೇಶಕ್ಕೆ ಇದು ಬೇಕೆ? ಭಾರತದಲ್ಲಿ ಈ ಉಬ್ಬಿಗಾಗಿ ರಾಷ್ಟ್ರವ್ಯಾಪಿಯಾದ ತಪಾಸಣೆ ಇಲ್ಲ. ನಮ್ಮಲ್ಲಿ ಮೂವತ್ತು ದಾಟಿದವರಿಗೆ ರಕ್ತದೊತ್ತಡ, ಸಕ್ಕರೆ ಕಾಯಿಲೆ ಮತ್ತು ಕೆಲವು ಬಗೆಯ ಕ್ಯಾನ್ಸರುಗಳ ತಪಾಸಣೆಯನ್ನು ಸರ್ಕಾರ ನಡೆಸುತ್ತಿದೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗುವುದನ್ನು ನಾವು ಕಾಣುತ್ತೇವೆ. ಆ ಪಟ್ಟಿಗೆ ಇದನ್ನೂ ಸೇರಿಸಬೇಕೆಂದು ಹೇಳಲು ನನಗೆ ಧೈರ್ಯವಿಲ್ಲ. ಬ್ರಿಟನ್ನಿನಲ್ಲಿಯೇ ನೆಲಸಿರುವ ದಕ್ಷಿಣ ಏಷ್ಯಾ ಮೂಲದ ಗಂಡಸರಲ್ಲಿ ಈ ರೋಗ ಬಿಳಿಯರಲ್ಲಿರುವುದಕ್ಕಿಂತ ತೀರ ಕಡಮೆ ಎಂದು ಅಲ್ಲಿನ ಅಧ್ಯಯನಗಳು ತಿಳಿಸುತ್ತವೆ. ಆದ್ದರಿಂದ ಅವರ ೨೧೬ ನಮ್ಮ ೨೧೬ ಆಗಲಾರದು. ಅನ್ಯರ ಲೆಕ್ಕವನ್ನು ನಕಲು ಮಾಡಿಕೊಂಡು ನಮ್ಮ ಹಣವನ್ನು ಖರ್ಚು ಮಾಡುವುದು ಜಾಣತನವಲ್ಲ. ನಮ್ಮಲ್ಲಿ ನಮ್ಮ ಜನರನ್ನೇ ಎಣಿಸಿ ನೋಡಿದ ಮೇಲೆ ತೀರ್ಮಾನಿಸತಕ್ಕ ವಿಷಯವಿದು.

ಆದರೆ ಎಣಿಕೆಗೆ ಕಾಯದೆ ಮಾಡಬಹುದಾದ ಕೆಲಸಗಳೂ ಇವೆ. ಬಹುಕಾಲ ಬೀಡಿ ಸಿಗರೇಟು ಸೇದಿದ ಹಿರಿಯರು ಮೂತ್ರಕೋಶದ ಕಲ್ಲಿಗೋ ಪ್ರಾಸ್ಟೇಟ್ ತೊಂದರೆಗೋ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿಕೊಳ್ಳುವಾಗ, ಮಹಾಧಮನಿಯನ್ನೂ ಒಮ್ಮೆ ನೋಡಿ ಎಂದು ವೈದ್ಯರನ್ನು ಕೇಳಬಹುದು. ಮನೆಯಲ್ಲಿ ಯಾರಿಗಾದರೂ ಈ ಉಬ್ಬು ಇದ್ದುದು ತಿಳಿದಿದ್ದರೆ ಅವರ ಅಣ್ಣತಮ್ಮಂದಿರೂ ಮಕ್ಕಳೂ ಆ ಮಾತನ್ನು ವೈದ್ಯರಿಗೆ ಹೇಳಬೇಕು. ವಯಸ್ಸಾದವರಿಗೆ ಇದ್ದಕ್ಕಿದ್ದಂತೆ ಹೊಟ್ಟೆಯಲ್ಲಿ ಅಥವಾ ಬೆನ್ನಿನಲ್ಲಿ ಉಗ್ರವಾದ ನೋವು ಬಂದು ಬೆವರಿ ತಲೆ ಸುತ್ತಿದರೆ, ವಾಯು ಇರಬೇಕು ಎಂದು ಓಮದ ನೀರು ಕುಡಿಸುತ್ತ ಕೂರದೆ ಕೂಡಲೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ಎಲ್ಲಕ್ಕಿಂತ ಅಗ್ಗವಾದ, ಯಾವ ಯಂತ್ರವೂ ಬೇಡದ ಉಪಾಯ ಹೊಗೆಯನ್ನು ಬಿಡುವುದು. ಅದನ್ನು ಅರುವತ್ತೈದರಲ್ಲಿ ಅಲ್ಲ, ನಮ್ಮ ವಯಸ್ಸಿನಲ್ಲಿಯೇ ಮಾಡತಕ್ಕದ್ದು. ಕಾಲೇಜಿನ ಕಾಂಪೌಂಡಿನ ಆಚೆ ಗೂಡಂಗಡಿಯ ಬಳಿ ನಿಲ್ಲುವ ಗೆಳೆಯರಿಗೆ ನಾನು ಉಪದೇಶ ಮಾಡುತ್ತಿಲ್ಲ. ಮೇಲಿನ ಅಂಕಿಗಳನ್ನು ಮತ್ತೊಮ್ಮೆ ಓದಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ಮಾವನವರ ಪ್ರಶ್ನೆಗೆ ಉತ್ತರ ಉಳಿಯಿತು. ನೂರು ಜನಕ್ಕೆ ಒಂದೇ ಉತ್ತರವಿಲ್ಲವೆಂದು ನನಗೆ ತೋರುತ್ತದೆ. ತಿಳಿದು ಎಚ್ಚರದಿಂದಿರುವುದು ಒಬ್ಬನಿಗೆ ಹಿತ. ತಿಳಿಯದೆ ನಿಶ್ಚಿಂತನಾಗಿರುವುದು ಇನ್ನೊಬ್ಬನಿಗೆ ಹಿತ. ಸರ್ಕಾರವಾಗಲಿ ವೈದ್ಯನಾಗಲಿ ಮಾಡಬೇಕಾದುದು ಇಷ್ಟೇ: ಕರೆ ಕಳುಹಿಸುವ ಕಾಗದದಲ್ಲಿ ಲಾಭದ ಅಂಕಿಯನ್ನೂ ಹಾನಿಯ ಅಂಕಿಯನ್ನೂ ಒಂದೇ ಅಕ್ಷರದ ಗಾತ್ರದಲ್ಲಿ ಬರೆಯಬೇಕು. ಅದನ್ನು ಓದಿ ಹೌದೆನ್ನುವವನು ಹೋಗಲಿ. ಬೇಡವೆನ್ನುವವನನ್ನು ಅವಿವೇಕಿಯೆಂದು ಯಾರೂ ಕರೆಯದಿರಲಿ. ಐನ್‌ಸ್ಟೈನರೂ ಬೇಡವೆಂದವರೇ ಅಲ್ಲವೆ?